ಕೆರ್ಮಿಟ್ ಕಪ್ಪೆ ಕಚೇರಿಗೆ ಹೋದ ಕಥೆ

ಮಕ್ಕಳ ಅಚ್ಚುಮೆಚ್ಚಿನ ಗೊಂಬೆಗಳನ್ನು ದೊಡ್ಡವರ ಹಾಸ್ಯ ಧಾರಾವಾಹಿಗೆ ತಂದರೆ ಏನಾಗುತ್ತದೆ? 2015ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಇಂಥದೊಂದು ಪ್ರಯೋಗಕ್ಕೆ ಕೈಹಾಕಿತು. ಅದು 16 ಕಂತುಗಳಲ್ಲೇ ಮುಗಿದುಹೋಯಿತು. ಆದರೆ ಅದರ ಹಿಂದಿನ ಕಥೆ ಅರವತ್ತು ವರ್ಷಗಳದು. ಮಕ್ಕಳೊಡನೆ ಕೂತು ಟಿ.ವಿ. ನೋಡುವ ಮನೆಗಳಿಗೆಲ್ಲ ಅದರಲ್ಲಿ ಕಲಿಯುವುದಿದೆ.

2015ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಪತ್ರಿಕೆಗಳು ಒಂದು ಜೋಡಿಯ ಅಗಲಿಕೆಯ ಸುದ್ದಿಯನ್ನು ಪ್ರಕಟಿಸಿದವು. ತಾರೆಯರು ಕೂಡುವುದು, ಬಿಡುವುದು ಅಲ್ಲಿನ ಓದುಗರಿಗೆ ಹೊಸದೇನಲ್ಲ. ಆದರೆ ಈ ಸಲ ಬೇರೆಯಾದದ್ದು ಒಂದು ಕಪ್ಪೆ ಮತ್ತು ಒಂದು ಹಂದಿ. ಕಪ್ಪೆಯ ಹೆಸರು ಕೆರ್ಮಿಟ್, ಹಂದಿಯ ಹೆಸರು ಮಿಸ್ ಪಿಗ್ಗಿ. ಎರಡೂ ಬಟ್ಟೆ, ಸ್ಪಂಜುಗಳಿಂದ ಮಾಡಿದ ಕೈಗೊಂಬೆಗಳು!

ಗೊಂಬೆಗಳು ಬೇರೆಯಾದರೆ ದೊಡ್ಡವರು ಮರುಗುವುದೇ ಎಂದು ನಗು ಬರಬಹುದು. ಆದರೆ ಬೇಸರಪಟ್ಟವರು ಕಡಿಮೆಯೇನಿರಲಿಲ್ಲ. ಅವರೆಲ್ಲ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಈ ಗೊಂಬೆಗಳನ್ನು ನೋಡುತ್ತ ಬೆಳೆದವರು. ಅಪ್ಪ ಅಮ್ಮನ ಜೊತೆ ಒಂದೇ ಸೋಫಾದಲ್ಲಿ ಕೂತು ನಕ್ಕವರು. ಈಗ ಅವರಿಗೇ ಮಕ್ಕಳಿದ್ದಾರೆ. ತಾವು ನಕ್ಕ ನಗುವನ್ನು ತಮ್ಮ ಮಕ್ಕಳಿಗೂ ದಾಟಿಸಬೇಕು ಎಂಬ ಆಸೆ ಅವರದು.

ಅಸಲಿಗೆ ಅಗಲಿಕೆಯ ಸುದ್ದಿ ಒಂದು ಪ್ರಚಾರ ತಂತ್ರವಾಗಿತ್ತು. ಅದೇ ವರ್ಷ ಸೆಪ್ಟೆಂಬರ್ 22ರಂದು 'ದಿ ಮಪೆಟ್ಸ್' ಎಂಬ ಹೊಸ ಧಾರಾವಾಹಿ ಆರಂಭವಾಗುವುದಿತ್ತು. ಈ ಬಾರಿ ಗೊಂಬೆಗಳು ಮಕ್ಕಳಿಗಾಗಿ ಹಾಡಿ ಕುಣಿಯುವುದಿಲ್ಲ, ದೊಡ್ಡವರ ಹಾಗೆ ಕಚೇರಿಯಲ್ಲಿ ದುಡಿಯುತ್ತವೆ, ಪ್ರೀತಿಸುತ್ತವೆ, ಜಗಳವಾಡುತ್ತವೆ ಎಂದು ವಾಹಿನಿ ಸಾರಿ ಹೇಳಿತು. ಮೊದಲ ದಿನ ಸುಮಾರು 90 ಲಕ್ಷ ಜನ ಕುತೂಹಲದಿಂದ ಟಿ.ವಿ. ಹಾಕಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮುಂದೆ ಅತ್ತ ತಲೆ ಹಾಕಲಿಲ್ಲ.

ಹಾಗಾದರೆ ತಪ್ಪಿದ್ದು ಎಲ್ಲಿ? ಗೊಂಬೆಗಳು ದೊಡ್ಡವರ ಮಾತಾಡಿದ್ದೇ ತಪ್ಪಾಯಿತೆ? ಉತ್ತರ ಸಿಗಬೇಕಾದರೆ 1955ಕ್ಕೆ ಹೋಗಬೇಕು.

ಅಮ್ಮನ ಹಳೆಯ ಕೋಟು

ಜಿಮ್ ಹೆನ್ಸನ್ ಹುಟ್ಟಿದ್ದು 1936ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ. ಹುಡುಗನಿಗೆ ಟಿ.ವಿ.ಯ ಹುಚ್ಚು. ಆಗ ಟಿ.ವಿ. ಇನ್ನೂ ಹೊಸ ಯಂತ್ರ. ಹೇಗಾದರೂ ಅದರೊಳಗೆ ನುಗ್ಗಬೇಕೆಂಬ ಹಂಬಲದಿಂದಲೇ ಅವನು ಗೊಂಬೆಯಾಟ ಕಲಿತ. 1955ರಲ್ಲಿ, ಇನ್ನೂ ಕಾಲೇಜು ವಿದ್ಯಾರ್ಥಿಯಾಗಿರುವಾಗಲೇ, ವಾಷಿಂಗ್ಟನ್‌ನ ಡಬ್ಲ್ಯುಆರ್‌ಸಿ ಕೇಂದ್ರದಲ್ಲಿ 'ಸ್ಯಾಮ್ ಅಂಡ್ ಫ್ರೆಂಡ್ಸ್' ಎಂಬ ಕಾರ್ಯಕ್ರಮ ಆರಂಭಿಸಿದ. ಜೊತೆಗಿದ್ದವಳು ಸಹಪಾಠಿ ಜೇನ್ ನೆಬೆಲ್. ಮುಂದೆ ಆಕೆಯೇ ಅವನ ಮಡದಿಯಾದಳು.

ಆ ಕಾರ್ಯಕ್ರಮಕ್ಕೆಂದು ಹೆನ್ಸನ್ ತನ್ನ ತಾಯಿಯ ಹಳೆಯ ಕೋಟೊಂದನ್ನು ಕತ್ತರಿಸಿ ಒಂದು ಗೊಂಬೆ ಹೊಲಿದ. ಪಿಂಗ್‌ಪಾಂಗ್ ಚೆಂಡೊಂದನ್ನು ಎರಡು ಹೋಳು ಮಾಡಿ ಕಣ್ಣು ಅಂಟಿಸಿದ. ಅದೇ ಕೆರ್ಮಿಟ್. ಸ್ವಾರಸ್ಯವೆಂದರೆ ಕೆರ್ಮಿಟ್ ಆಗ ಕಪ್ಪೆಯೇ ಆಗಿರಲಿಲ್ಲ. ಹಲ್ಲಿಯೋ ಓತಿಕ್ಯಾತವೋ ಹೇಳಲಾಗದ ಒಂದು ಜೀವಿ ಅಷ್ಟೆ. ಕಪ್ಪೆಯ ಪಟ್ಟ ಸಿಕ್ಕಿದ್ದು ಹತ್ತಾರು ವರ್ಷಗಳ ನಂತರ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 'ಸ್ಯಾಮ್ ಅಂಡ್ ಫ್ರೆಂಡ್ಸ್' ಐದು ನಿಮಿಷಗಳ ಕಾರ್ಯಕ್ರಮ. ಅದು ತಡರಾತ್ರಿಯಲ್ಲೂ ಬಿತ್ತರವಾಗುತ್ತಿತ್ತು. ಮಕ್ಕಳು ಮಲಗಿದ ಮೇಲೆ ಅದನ್ನು ನೋಡುತ್ತಿದ್ದವರು ದೊಡ್ಡವರೇ. 1957ರಲ್ಲಿ ಹೆನ್ಸನ್ ವಿಲ್ಕಿನ್ಸ್ ಎಂಬ ಕಾಫಿಗೆ ಗೊಂಬೆಗಳ ಜಾಹೀರಾತು ಮಾಡತೊಡಗಿದ. ಒಂದು ಗೊಂಬೆ ಕಾಫಿ ಕುಡಿ ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ. ಬೇಡ ಎಂದದ್ದಕ್ಕೆ ತೋಪಿನ ಗುಂಡೇ ಬೀಳುತ್ತದೆ! ಇಂಥ ಕಿಲಾಡಿ ಹಾಸ್ಯ ಮಕ್ಕಳಿಗೆಂದು ಬರೆದದ್ದಲ್ಲ.

ಅಂದರೆ ಹೆನ್ಸನ್ನನ ಗೊಂಬೆಗಳು ಹುಟ್ಟಿದ್ದೇ ದೊಡ್ಡವರನ್ನು ನಗಿಸುವುದಕ್ಕೆ. ಕರ್ನಾಟಕದ ತೊಗಲುಗೊಂಬೆಯಾಟ ಕಂಡವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಅಲ್ಲಿ ರಾಮಾಯಣದ ಪ್ರಸಂಗದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಆಡುವ ಮಾತಿಗೆ ಮೊದಲು ನಗುವವರು ಊರಿನ ಹಿರಿಯರೇ.

ಹೆನ್ಸನ್ನನಿಗೆ 'ಮಕ್ಕಳ ಕಲಾವಿದ' ಎಂಬ ಹಣೆಪಟ್ಟಿ ಅಂಟಿದ್ದು 1969ರ ನವೆಂಬರ್ 10ರಂದು. ಅಂದು 'ಸೆಸಮೆ ಸ್ಟ್ರೀಟ್' ಆರಂಭವಾಯಿತು. ಶಾಲೆಗೆ ಹೋಗುವ ಮುನ್ನವೇ ಬಡಮಕ್ಕಳಿಗೂ ಅಕ್ಷರ, ಅಂಕಿಗಳ ಪರಿಚಯವಾಗಲಿ ಎಂಬುದು ಅದರ ಉದ್ದೇಶ. ಅದಕ್ಕೆ ಬಿಗ್ ಬರ್ಡ್, ಅರ್ನಿ, ಬರ್ಟ್, ಕುಕಿ ಮಾನ್‌ಸ್ಟರ್‌ಗಳನ್ನು ಕೊಟ್ಟವರು ಹೆನ್ಸನ್ ಮತ್ತು ಸಂಗಡಿಗರು. ಇದರ ಭಾರತೀಯ ರೂಪವೇ 2006ರಲ್ಲಿ ಬಂದ 'ಗಲಿ ಗಲಿ ಸಿಮ್ ಸಿಮ್'. ಎರಡು ಜಡೆಯ ಪುಟ್ಟ ಹುಡುಗಿ ಚಮ್ಕಿಯನ್ನು ಇಲ್ಲಿನ ಮಕ್ಕಳೂ ಬಲ್ಲರು.

ಎರಡು ಅಂತಸ್ತಿನ ನಗು

ಹಣೆಪಟ್ಟಿ ಕಿತ್ತೊಗೆಯಲು ಹೆನ್ಸನ್ ಪಟ್ಟ ಪಾಡು ಅಷ್ಟಿಷ್ಟಲ್ಲ. 1975ರಲ್ಲಿ ಆರಂಭವಾದ 'ಸ್ಯಾಟರ್ಡೇ ನೈಟ್ ಲೈವ್' ಎಂಬ ತಡರಾತ್ರಿಯ ಕಾರ್ಯಕ್ರಮಕ್ಕೆ ಹೊಸ ಗೊಂಬೆಗಳನ್ನು ಕಟ್ಟಿಕೊಟ್ಟ. ಅಲ್ಲಿನ ಬರಹಗಾರರಿಗೆ ಗೊಂಬೆಗಳಿಗೆ ಮಾತು ಬರೆಯುವುದೇ ಒಲ್ಲದ ಕೆಲಸವಾಯಿತು. ಅದು ಕೈಗೂಡಲಿಲ್ಲ. ಅದೇ ವರ್ಷ ಎಬಿಸಿ ವಾಹಿನಿಗೆಂದು ಮಾಡಿದ ಪ್ರಾಯೋಗಿಕ ಕಂತಿನ ಹೆಸರಿನಲ್ಲೇ 'ಸೆಕ್ಸ್ ಅಂಡ್ ವಯಲೆನ್ಸ್' ಎಂಬ ಮಾತುಗಳಿದ್ದವು. ಟಿ.ವಿ.ಯಲ್ಲಿ ಅವೆರಡೂ ಹೆಚ್ಚಾದವೆಂಬ ಗುಲ್ಲನ್ನು ಗೇಲಿ ಮಾಡುವುದು ಉದ್ದೇಶ. ಅದೂ ಧಾರಾವಾಹಿಯಾಗಲಿಲ್ಲ. ಗೊಂಬೆಗಳೆಂದರೆ ಮಕ್ಕಳಿಗೆ, ರಾತ್ರಿಯ ಮುಖ್ಯ ಹೊತ್ತಿನಲ್ಲಿ ಅವನ್ನು ಯಾರು ನೋಡುತ್ತಾರೆ ಎಂಬುದು ಅಮೆರಿಕದ ವಾಹಿನಿಗಳ ಲೆಕ್ಕಾಚಾರ.

ಕೊನೆಗೆ ಕೈಹಿಡಿದವರು ಇಂಗ್ಲೆಂಡಿನ ಟಿ.ವಿ. ಉದ್ಯಮಿ ಲ್ಯೂ ಗ್ರೇಡ್. ಲಂಡನ್ ಸಮೀಪದ ಎಲ್ಸ್‌ಟ್ರೀ ಸ್ಟುಡಿಯೋದಲ್ಲಿ 'ದಿ ಮಪೆಟ್ ಶೋ' ತಯಾರಾಯಿತು. 1976ರಿಂದ 1981ರವರೆಗೆ 120 ಕಂತುಗಳು ಬಂದವು. 100ಕ್ಕೂ ಹೆಚ್ಚು ದೇಶಗಳು ಅದನ್ನು ಕೊಂಡವು.

ಕಥೆಯೇನೋ ಸರಳ. ಒಂದು ಹಳೆಯ ನಾಟಕಶಾಲೆ. ಪ್ರತಿವಾರ ಅಲ್ಲಿ ಪ್ರದರ್ಶನ ನಡೆಯಬೇಕು. ಕೆರ್ಮಿಟ್ ಅದರ ವ್ಯವಸ್ಥಾಪಕ. ಫೋಜಿ ಎಂಬ ಕರಡಿಯ ನಗೆಹನಿಗಳಿಗೆ ಯಾರೂ ನಗುವುದಿಲ್ಲ. ಗೊಂಜೊ ತನ್ನನ್ನೇ ತೋಪಿಗೆ ತುಂಬಿಸಿಕೊಂಡು ಹಾರುತ್ತಾನೆ. ಮಿಸ್ ಪಿಗ್ಗಿಗೆ ತಾನೇ ಮಹಾತಾರೆಯೆಂಬ ಭ್ರಮೆ, ಕೆರ್ಮಿಟ್ ಮೇಲೆ ಬಿಡದ ಪ್ರೀತಿ. ಮೇಲಿನ ಬಾಲ್ಕನಿಯಲ್ಲಿ ಸ್ಟ್ಯಾಟ್ಲರ್, ವಾಲ್ಡಾರ್ಫ್ ಎಂಬ ಇಬ್ಬರು ಮುದುಕರು. ಎಲ್ಲವನ್ನೂ ಹಳಿಯುತ್ತಾರೆ. ಆದರೂ ಮುಂದಿನ ವಾರ ಅದೇ ಬಾಲ್ಕನಿಗೆ ಹಾಜರು!

ವಾರಕ್ಕೊಬ್ಬ ಪ್ರಸಿದ್ಧ ಅತಿಥಿ ಬರುತ್ತಿದ್ದರು. ಬ್ಯಾಲೆ ನೃತ್ಯದ ದಿಗ್ಗಜ ರುಡಾಲ್ಫ್ ನುರೆಯೇವ್ ಬಂದು ಹಂದಿಯೊಂದರ ಜೊತೆ ಕುಣಿದರು. ಎಲ್ಟನ್ ಜಾನ್ ಮೊಸಳೆಗಳ ನಡುವೆ ಕೂತು ಹಾಡಿದರು. ಹಂದಿ ಬ್ಯಾಲೆ ಕುಣಿಯುವುದನ್ನು ಕಂಡು ಮಗು ನಗುತ್ತದೆ. ಜಗತ್ತಿನ ಮಹಾನ್ ನರ್ತಕ ಹಂದಿಯ ಭಾರ ತಾಳಲಾರದೆ ಒದ್ದಾಡುವುದನ್ನು ಕಂಡು ಅಪ್ಪ ನಗುತ್ತಾನೆ. ನಗು ಒಂದೇ, ಅಂತಸ್ತು ಎರಡು. ಮಗುವಿಗೆ ಅರ್ಥವಾಗದ ಮಾತು ಅದರ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಅದು ಯಾರಿಗೂ ಮುಜುಗರ ತರುತ್ತಿರಲಿಲ್ಲ. ಇದೇ 'ಮಪೆಟ್ ಶೋ'ದ ಗುಟ್ಟು.

ಗೊಂಬೆಯ ಒಳಗಿನ ಕೈ

ಗೊಂಬೆಗೆ ಜೀವ ಬರುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಹೆನ್ಸನ್‌ಗಿಂತ ಮೊದಲು ಟಿ.ವಿ.ಯಲ್ಲಿ ಗೊಂಬೆಯಾಟವೆಂದರೆ ಸಾಮಾನ್ಯವಾಗಿ ಒಂದು ಪುಟ್ಟ ರಂಗಮಂಟಪ, ಅದರ ಮುಂದೊಂದು ಕ್ಯಾಮೆರಾ. ಹೆನ್ಸನ್ ಆ ಮಂಟಪವನ್ನೇ ತೆಗೆದುಹಾಕಿದ. ಟಿ.ವಿ. ಪರದೆಯ ಚೌಕಟ್ಟೇ ರಂಗಮಂಟಪ ಎಂದ. ಚೌಕಟ್ಟಿನ ಕೆಳಗೆ ಆಡಿಸುವವರು ಅಡಗಿ ಕೂತರಾಯಿತು!

ಆಡಿಸುವವನು ಒಂದು ಕೈಯನ್ನು ತಲೆಯ ಮೇಲೆತ್ತಿ ಗೊಂಬೆಯ ತಲೆಯೊಳಗೆ ತೂರಿಸುತ್ತಾನೆ. ಬೆರಳುಗಳು ಮೇಲಿನ ತುಟಿ, ಹೆಬ್ಬೆರಳು ಕೆಳಗಿನ ತುಟಿ. ಇನ್ನೊಂದು ಕೈಯಲ್ಲಿ ತೆಳುವಾದ ಕಡ್ಡಿ ಹಿಡಿದು ಗೊಂಬೆಯ ಕೈ ಆಡಿಸುತ್ತಾನೆ. ಕಣ್ಣು ಮಾತ್ರ ಕೆಳಗಿಟ್ಟ ಪುಟ್ಟ ಟಿ.ವಿ.ಯ ಮೇಲೆ. ಪ್ರೇಕ್ಷಕರಿಗೆ ಕಾಣುವುದೇ ಅವನಿಗೂ ಕಾಣುತ್ತದೆ. ಆದರೆ ಅದು ಕನ್ನಡಿಯಲ್ಲ. ಗೊಂಬೆಯನ್ನು ಬಲಕ್ಕೆ ತಿರುಗಿಸಿದರೆ ಪರದೆಯ ಮೇಲೆ ಕನ್ನಡಿಯಲ್ಲಿ ಕಾಣುವುದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿದಂತೆ ಕಾಣುತ್ತದೆ. ಇದನ್ನು ರೂಢಿಸಿಕೊಳ್ಳುವುದೇ ದೊಡ್ಡ ಸಾಧನೆ. ಬಲಗೈ ತಲೆಯೊಳಗಿರುವುದರಿಂದ ಗೊಂಬೆಯ ಕೆಲಸವೆಲ್ಲ ಎಡಗೈಯಲ್ಲಿ ನಡೆಯುತ್ತದೆ. ಆದ್ದರಿಂದಲೇ ಮಪೆಟ್‌ಗಳಲ್ಲಿ ಹೆಚ್ಚಿನವರು ಎಡಚರು! ಫೋಜಿಯಂಥ ಗೊಂಬೆಗಳಿಗೆ ಇಬ್ಬರು ಬೇಕು. ಒಬ್ಬರು ತಲೆ ಮತ್ತು ಎಡಗೈ, ಇನ್ನೊಬ್ಬರು ಬಲಗೈ.

1979ರ 'ದಿ ಮಪೆಟ್ ಮೂವಿ' ಚಿತ್ರದ ಆರಂಭದಲ್ಲಿ ಕೆರ್ಮಿಟ್ ಜೌಗಿನ ನಡುವೆ ಮರದ ದಿಮ್ಮಿಯ ಮೇಲೆ ಕೂತು ಹಾಡುತ್ತಾನೆ. ಆ ಹೊತ್ತಿನಲ್ಲಿ ಹೆನ್ಸನ್ ನೀರಿನ ಕೆಳಗೆ ಲೋಹದ ಡಬ್ಬದಂಥ ಕೋಣೆಯೊಂದರಲ್ಲಿ ಮುದುಡಿ ಕೂತು, ಕೈಯೊಂದನ್ನು ಮೇಲೆ ತೂರಿಸಿದ್ದ. ಪ್ರೇಕ್ಷಕರಿಗೆ ಕಂಡದ್ದು ಕಪ್ಪೆಯ ನೆಮ್ಮದಿ ಮಾತ್ರ.

ಕೈ ಬದಲಾಯಿತು

1990ರ ಮೇ 16ರಂದು ಹೆನ್ಸನ್ ತೀವ್ರ ಸೋಂಕಿನಿಂದ ಹಠಾತ್ತನೆ ತೀರಿಕೊಂಡ. ಆಗ ಅವನಿಗೆ ಕೇವಲ 53 ವರ್ಷ. ನ್ಯೂಯಾರ್ಕಿನ ಚರ್ಚಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ಯಾರೂ ಕಪ್ಪು ಬಟ್ಟೆ ತೊಟ್ಟು ಬರಬಾರದೆಂಬುದು ಅವನ ಕೋರಿಕೆಯಾಗಿತ್ತು. ಅಲ್ಲಿ ಬಿಗ್ ಬರ್ಡ್ ಗೊಂಬೆ ಬಂದು ಹಾಡಿದಾಗ ದೊಡ್ಡವರೇ ಕಣ್ಣೊರೆಸಿಕೊಂಡರು.

ಕೆರ್ಮಿಟ್ ಸತ್ತನೆ? ಇಲ್ಲ. ಸ್ಟೀವ್ ವಿಟ್‌ಮೈರ್ ಎಂಬ ಸಹೋದ್ಯೋಗಿ ಕೆರ್ಮಿಟ್‌ನ ಒಳಗೆ ಕೈಯಿಟ್ಟರು, ದನಿಯನ್ನೂ ಕೊಟ್ಟರು. ಆದರೆ ಗೊಂಬೆಗಳ ಒಡೆತನದ ಕಥೆ ತಿರುವು ಪಡೆಯಿತು. ಹೆನ್ಸನ್ ಬದುಕಿದ್ದಾಗಲೇ ಡಿಸ್ನಿ ಕಂಪನಿಯ ಜೊತೆ ಮಾರಾಟದ ಮಾತುಕತೆ ನಡೆದಿತ್ತು. ಅವನ ಸಾವಿನ ನಂತರ ಅದು ಮುರಿದುಬಿತ್ತು. 2000ದಲ್ಲಿ ಕುಟುಂಬದವರು ಕಂಪನಿಯನ್ನು ಜರ್ಮನಿಯ ಇಎಂ ಟಿವಿ ಸಂಸ್ಥೆಗೆ 68 ಕೋಟಿ ಡಾಲರಿಗೆ ಮಾರಿದರು. 2003ರಲ್ಲಿ ಮರಳಿ ಕೊಂಡರು. 2004ರಲ್ಲಿ ಮಪೆಟ್ ಗೊಂಬೆಗಳು ಡಿಸ್ನಿಯ ಪಾಲಾದವು. 'ಸೆಸಮೆ ಸ್ಟ್ರೀಟ್' ಗೊಂಬೆಗಳು ಮಾತ್ರ ಅದನ್ನು ನಡೆಸುವ ಸಂಸ್ಥೆಯ ಬಳಿಯೇ ಉಳಿದವು.

ದೊಡ್ಡ ಕಂಪನಿಗೆ ಹಳೆಯ ಗೊಂಬೆಗಳ ಮೇಲೇಕೆ ಮೋಹ? ಲೆಕ್ಕ ಸುಲಭ. ಹೊಸ ಪಾತ್ರವನ್ನು ಜನರಿಗೆ ಪರಿಚಯಿಸಲು ಕಾಲ ಬೇಕು, ಕಾಸು ಬೇಕು, ಗೆಲ್ಲುವ ಭರವಸೆಯಿಲ್ಲ. ಹಳೆಯ ಪಾತ್ರಕ್ಕೆ ಪರಿಚಯವೇ ಬೇಡ. ಅದನ್ನು ನೋಡಿ ಬೆಳೆದ ಮಕ್ಕಳು ಈಗ ಸಂಬಳ ಎಣಿಸುವ ಅಪ್ಪ ಅಮ್ಮಂದಿರು. ಬಾಲ್ಯದ ನೆನಪನ್ನು ಮೀಟಿದರೆ ಇಡೀ ಮನೆಯೇ ಟಿ.ವಿ. ಮುಂದೆ ಬರುತ್ತದೆ. 2011ರಲ್ಲಿ ಬಂದ 'ದಿ ಮಪೆಟ್ಸ್' ಚಲನಚಿತ್ರ ಇದನ್ನು ಸಾಬೀತು ಮಾಡಿತು. ಜನ ಮೆಚ್ಚಿದರು, ಅದರ ಒಂದು ಹಾಡಿಗೆ ಆಸ್ಕರ್ ಕೂಡ ಬಂತು. ಮುಂದಿನ ಹೆಜ್ಜೆ ಟಿ.ವಿ. ಕಡೆಗೆ.

ಕಚೇರಿಯೊಳಗೆ ಕಪ್ಪೆ

ಹೊಸ ಧಾರಾವಾಹಿಯನ್ನು ರೂಪಿಸಿದವರು ಬಿಲ್ ಪ್ರಾಡಿ ಮತ್ತು ಬಾಬ್ ಕುಶೆಲ್. ಪ್ರಾಡಿ ಹೆನ್ಸನ್ ಕಂಪನಿಯಲ್ಲೇ ಪಳಗಿದವರು, ಮುಂದೆ 'ದಿ ಬಿಗ್ ಬ್ಯಾಂಗ್ ಥಿಯರಿ'ಯ ಸೃಷ್ಟಿಕರ್ತರಲ್ಲಿ ಒಬ್ಬರಾಗಿ ಹೆಸರು ಮಾಡಿದವರು. ಗೊಂಬೆಗಳನ್ನು ಅರಿಯದವರಲ್ಲ.

ಅವರು ಆಯ್ದುಕೊಂಡದ್ದು ಅಣಕು ಸಾಕ್ಷ್ಯಚಿತ್ರದ ಶೈಲಿ. ಬ್ರಿಟನ್ನಿನಲ್ಲಿ 2001ರಲ್ಲಿ, ಅಮೆರಿಕದಲ್ಲಿ 2005ರಲ್ಲಿ ಬಂದ 'ದಿ ಆಫೀಸ್' ಇದನ್ನು ಜನಪ್ರಿಯಗೊಳಿಸಿತ್ತು. ಕ್ಯಾಮೆರಾ ತಂಡವೊಂದು ಕಚೇರಿಯ ದಿನನಿತ್ಯದ ಬದುಕನ್ನು ಚಿತ್ರಿಸುತ್ತಿದೆ ಎಂಬ ನಟನೆ. ಪಾತ್ರಗಳು ಆಗಾಗ ಒಬ್ಬೊಬ್ಬರೇ ಕುರ್ಚಿಯಲ್ಲಿ ಕೂತು ಕ್ಯಾಮೆರಾದ ಮುಂದೆ ಒಳಗುದಿಯನ್ನು ತೋಡಿಕೊಳ್ಳುತ್ತವೆ.

ಹೊಸ ಕಥೆಯಲ್ಲಿ ಮಿಸ್ ಪಿಗ್ಗಿ ತಡರಾತ್ರಿಯ ಹರಟೆ ಕಾರ್ಯಕ್ರಮವೊಂದರ ನಿರೂಪಕಿ. ಕೆರ್ಮಿಟ್ ಅದರ ನಿರ್ಮಾಪಕ. ಇಬ್ಬರ ಪ್ರೀತಿ ಮುರಿದಿದೆ, ಆದರೆ ದಿನವೂ ಒಂದೇ ಕಚೇರಿಯಲ್ಲಿ ಏಗಬೇಕು. ಕೆರ್ಮಿಟ್‌ಗೆ ಡೆನಿಸ್ ಎಂಬ ಹೊಸ ಗೆಳತಿ. ಆಕೆಯೂ ಹಂದಿಯೇ, ವಾಹಿನಿಯ ಮಾರುಕಟ್ಟೆ ವಿಭಾಗದ ಉದ್ಯೋಗಿ. ಗೊಂಜೊ, ರಿಜೊ, ಪೆಪೆ ಬರಹಗಾರರು. ಸ್ಯಾಮ್ ಹದ್ದು ಸಭ್ಯತೆ ಕಾಯುವ ಅಧಿಕಾರಿ. ರೌಲ್ಫ್ ನಾಯಿ ಪಕ್ಕದಲ್ಲೇ ಬಾರ್ ಇಟ್ಟುಕೊಂಡಿದ್ದಾನೆ. ಫೋಜಿ ಕರಡಿ ಪ್ರೀತಿಸಿದ್ದು ಒಬ್ಬ ಮನುಷ್ಯ ಹುಡುಗಿಯನ್ನು. ಮಗಳು ಕರಡಿಯನ್ನು ಮೆಚ್ಚಿದ್ದು ಅವಳ ಅಪ್ಪ ಅಮ್ಮನಿಗೆ ಹಿಡಿಸಿಲ್ಲ.

ಯೋಚಿಸಿ ನೋಡಿದರೆ ಯೋಜನೆ ಕೆಟ್ಟದ್ದೇನಲ್ಲ. ಕರಡಿ ಮತ್ತು ಬೀಗರ ಪ್ರಸಂಗದಲ್ಲಿ ಜಾತಿ, ಬಣ್ಣಗಳ ತಾರತಮ್ಯವನ್ನು ಚುಚ್ಚುವ ಚುರುಕಿದೆ. ಗೊಂಬೆ ಆಡಿಸಿದವರ ಕೌಶಲದ ಬಗ್ಗೆಯಂತೂ ಎರಡು ಮಾತಿಲ್ಲ. ಮೊದಲೇ ಹತ್ತು ನಿಮಿಷದ ತುಣುಕೊಂದನ್ನು ನೋಡಿದ್ದ ಅಭಿಮಾನಿಗಳು ಚಪ್ಪಾಳೆ ತಟ್ಟಿದ್ದರು.

ತಾಳ ತಪ್ಪಿದ್ದೆಲ್ಲಿ?

ಮೊದಲ ಎಡವಟ್ಟು ಜಾಹೀರಾತಿನದು. ಕೆರ್ಮಿಟ್ ಬಟ್ಟೆ ತೊಡುವುದಿಲ್ಲವಷ್ಟೆ. ಅದನ್ನೇ ಹಿಡಿದು ನಗ್ನತೆಯ ಚಟಾಕಿ ಹಾರಿಸಿ ಭಿತ್ತಿಪತ್ರ ಮಾಡಿದರು. ಪೋಷಕರ ಸಂಘಟನೆಯೊಂದು ಧಾರಾವಾಹಿ ಆರಂಭವಾಗುವ ಹೊತ್ತಿಗೇ ಅದನ್ನು ನಿಲ್ಲಿಸಿ ಎಂದು ಕೂಗೆಬ್ಬಿಸಿತು. ಅವರ ಕೂಗು ಅತಿಯಾಯಿತು ಎಂದವರೂ ಇದ್ದರು. ಆದರೆ ಒಂದು ಮಾತು ನಿಜ. ಧಾರಾವಾಹಿ ಬರುತ್ತಿದ್ದುದು ಮಂಗಳವಾರ ರಾತ್ರಿ 8ಕ್ಕೆ, ಇಡೀ ಕುಟುಂಬ ಟಿ.ವಿ. ಮುಂದೆ ಕೂರುವ ಹೊತ್ತಿಗೆ. ಕರೆಯುವುದು ಮಕ್ಕಳಿರುವ ಮನೆಯನ್ನು, ಹೇಳುವುದು ದೊಡ್ಡವರಿಗೆ ಮಾತ್ರ ಎಂದು. ಮಗು ಕೆರ್ಮಿಟ್‌ನನ್ನು ಕಂಡು ಓಡಿಬಂದರೆ ಅಮ್ಮ ರಿಮೋಟ್ ಹುಡುಕಬೇಕು!

ಎರಡನೆಯದು ಇನ್ನೂ ಆಳದ್ದು. ಹಳೆಯ ಕಾರ್ಯಕ್ರಮದಲ್ಲಿ ಗದ್ದಲವೆಲ್ಲ ಸುತ್ತಲಿನದು. ಕೆರ್ಮಿಟ್ ಅದರ ನಡುವಿನ ಕಂಬ. ರೇಗಿದರೂ ಮರುಕ್ಷಣ ಎಲ್ಲರನ್ನೂ ಕರೆದುಕೊಂಡು ಪರದೆ ಏರಿಸುತ್ತಿದ್ದ. ಹೊಸ ಕೆರ್ಮಿಟ್ ಸದಾ ದಣಿದವನು. ಪಿಗ್ಗಿಯ ಬಗ್ಗೆ, ಸಹೋದ್ಯೋಗಿಗಳ ಬಗ್ಗೆ ಕ್ಯಾಮೆರಾದ ಮುಂದೆ ಗೊಣಗುವವನು. ಅಣಕು ಸಾಕ್ಷ್ಯಚಿತ್ರದ ಲಕ್ಷಣವೇ ಅದು. ಬೆನ್ನ ಹಿಂದೆ ಆಡಿದ ಮಾತಿನಿಂದ ಅಲ್ಲಿ ಹಾಸ್ಯ ಹುಟ್ಟುತ್ತದೆ. ಮನುಷ್ಯ ಪಾತ್ರಗಳಲ್ಲಿ ಅದು ಒಪ್ಪುತ್ತದೆ. ಆದರೆ ಬಾಲ್ಕನಿಯ ಮುದುಕರನ್ನು ಬಿಟ್ಟರೆ ಮಪೆಟ್‌ಗಳಿಗೆ ಕೊಂಕು ಸಹಜಗುಣವಾಗಿರಲಿಲ್ಲ. ಅವು ಕೈಲಾಗದಿದ್ದರೂ ಏನೋ ಮಾಡಹೊರಟು ಸೋಲುತ್ತಿದ್ದವು. ಆ ಉತ್ಸಾಹವೇ ನಗು ತರುತ್ತಿತ್ತು.

ಮೂರನೆಯದು ಬೆರಗಿನ ಮಾತು. ಕಚೇರಿಯ ಮೇಜು, ಸಭೆ, ಲಿಫ್ಟು, ಕಾಫಿ ಲೋಟ ದೊಡ್ಡವರಿಗೆ ದಿನವೂ ಇದ್ದದ್ದೇ. ಅದನ್ನೇ ರಾತ್ರಿ ಗೊಂಬೆಗಳ ಮೂಲಕ ಮತ್ತೆ ನೋಡಬೇಕೆ? ಜನ ಗೊಂಬೆಯ ಬಳಿ ಬರುವುದು ಮನುಷ್ಯರಿಂದ ಆಗದ್ದನ್ನು ಕಾಣುವುದಕ್ಕೆ. ತೋಪಿನಿಂದ ಹಾರುವ ಗೊಂಜೊನನ್ನು ಕುರ್ಚಿಯಲ್ಲಿ ಕೂರಿಸಿ ಕಡತ ಕೊಟ್ಟರೆ ಅವನು ಮೂಗು ಬಾಗಿದ ಗುಮಾಸ್ತ ಅಷ್ಟೆ.

ನಡುದಾರಿಯ ರಿಪೇರಿ

ವಾಹಿನಿಗೂ ಇದು ತಿಳಿಯಿತು. 2015ರ ನವೆಂಬರಿನಲ್ಲಿ ಕುಶೆಲ್ ಹೊರನಡೆದರು. ಕ್ರಿಸ್ಟಿನ್ ನ್ಯೂಮನ್ ಎಂಬ ಬರಹಗಾರ್ತಿ ಚುಕ್ಕಾಣಿ ಹಿಡಿದರು. ಕೊಂಕು ತಗ್ಗಿಸಿ ಲವಲವಿಕೆ ಹೆಚ್ಚಿಸುವುದು ಅವರ ಗುರಿ. 2016ರ ಫೆಬ್ರುವರಿ 2ರಂದು ಧಾರಾವಾಹಿ ಮರಳಿತು.

ಈ ಎರಡನೇ ಭಾಗದಲ್ಲೊಂದು ತಮಾಷೆಯಿದೆ. ಕಥೆಯೊಳಗಿನ ವಾಹಿನಿಯೂ ಪಿಗ್ಗಿಯ ಕಾರ್ಯಕ್ರಮವನ್ನು 'ಆಧುನಿಕ'ಗೊಳಿಸಲು ಒಬ್ಬ ಯುವ ಸಲಹೆಗಾರನನ್ನು ಕಳಿಸುತ್ತದೆ. ಅವನು ಎಲ್ಲವನ್ನೂ ಬದಲಿಸಹೊರಟು ಎಲ್ಲರ ತಲೆ ಕೆಡಿಸುತ್ತಾನೆ. ಆ ಪಾತ್ರ ವಹಿಸಿದವರು ಭಾರತೀಯ ಮೂಲದ ಅಮೆರಿಕನ್ ನಟ ಉತ್ಕರ್ಷ್ ಅಂಬುಡ್ಕರ್. ಧಾರಾವಾಹಿ ತನ್ನನ್ನು ತಾನೇ ಗೇಲಿ ಮಾಡಿಕೊಂಡಂತಿತ್ತು. ಪಿಗ್ಗಿ, ಕೆರ್ಮಿಟ್ ನಡುವಿನ ಅಕ್ಕರೆಯೂ ಮೆಲ್ಲಗೆ ಚಿಗುರತೊಡಗಿತು. ನಗು ತುಸು ಬೆಚ್ಚಗಾಯಿತು.

ಆದರೆ ಹೋದ ಪ್ರೇಕ್ಷಕರು ಮರಳಲಿಲ್ಲ. ಮಾರ್ಚ್ 1ರಂದು ಬಂದದ್ದೇ ಕೊನೆಯ ಕಂತು. ಮೇ ತಿಂಗಳಲ್ಲಿ ಎಬಿಸಿ ಧಾರಾವಾಹಿಯನ್ನು ನಿಲ್ಲಿಸಿತು. ಮೊದಲ ವಾರ ಮುನಿಸಿಕೊಂಡು ಎದ್ದುಹೋದವರಿಗೆ ಹನ್ನೊಂದನೇ ವಾರ ಊಟ ರುಚಿಯಾಗಿದೆ ಎಂದು ಹೇಳಿ ಕಳಿಸುವುದು ಕಷ್ಟ. ಕಲೆಗೂ ಪರೀಕ್ಷೆಗೂ ಒಂದು ವ್ಯತ್ಯಾಸವೆಂದರೆ ಇಲ್ಲಿ ಪೂರಕ ಪರೀಕ್ಷೆ ಇರುವುದಿಲ್ಲ.

ಗೆದ್ದವರೂ ಇದ್ದಾರೆ

ಹಾಗೆಂದು ದೊಡ್ಡವರ ಗೊಂಬೆಯಾಟ ಗೆಲ್ಲುವುದೇ ಇಲ್ಲ ಎನ್ನುವಂತಿಲ್ಲ. 2003ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದ 'ಅವೆನ್ಯೂ ಕ್ಯೂ' ಎಂಬ ಸಂಗೀತ ನಾಟಕವನ್ನೇ ನೋಡಿ. 'ಸೆಸಮೆ ಸ್ಟ್ರೀಟ್' ನೋಡಿ ಬೆಳೆದವರು ಕಾಲೇಜು ಮುಗಿಸಿ ಕೆಲಸವಿಲ್ಲದೆ, ಬಾಡಿಗೆ ಕಟ್ಟಲಾಗದೆ ಒದ್ದಾಡುವ ಕಥೆ. ಮಕ್ಕಳಿಗಲ್ಲ ಎಂದು ಮೊದಲೇ ಹೇಳಿದ್ದರು. 2004ರಲ್ಲಿ ಅತ್ಯುತ್ತಮ ಸಂಗೀತ ನಾಟಕಕ್ಕೆ ಟೋನಿ ಪ್ರಶಸ್ತಿ ಪಡೆಯಿತು. ಅಲ್ಲಿನ ಗೊಂಬೆಗಳು ಹೊಸವು ಎಂಬುದನ್ನು ಮರೆಯಬಾರದು. ಯಾರ ಬಾಲ್ಯದ ಗೆಳೆಯನನ್ನೂ ಎಳೆತಂದು ಕೆಡಿಸಿರಲಿಲ್ಲ.

ಹೊಸ ಗೊಂಬೆಯಾದರೆ ಸಾಕು ಎಂಬ ನಿಯಮವೂ ಇಲ್ಲ. 2018ರಲ್ಲಿ ಹೆನ್ಸನ್ನನ ಮಗ ಬ್ರಯಾನ್ ನಿರ್ದೇಶಿಸಿದ 'ದಿ ಹ್ಯಾಪಿಟೈಮ್ ಮರ್ಡರ್ಸ್' ಚಿತ್ರದಲ್ಲೂ ಹೊಸ ಗೊಂಬೆಗಳೇ ಇದ್ದವು. ಕೊಲೆ, ಬೈಗುಳ, ಅಶ್ಲೀಲತೆ ಧಾರಾಳವಾಗಿದ್ದವು. ಜಾಹೀರಾತಿನಲ್ಲಿ ತಮ್ಮ ಹೆಸರನ್ನು ಎಳೆದರೆಂದು 'ಸೆಸಮೆ ಸ್ಟ್ರೀಟ್' ಸಂಸ್ಥೆ ಮೊಕದ್ದಮೆ ಹೂಡಿತು. ನ್ಯಾಯಾಲಯ ಜಾಹೀರಾತಿಗೆ ತಡೆ ನೀಡಲಿಲ್ಲ. ಆದರೆ ಪ್ರೇಕ್ಷಕರು ತೀರ್ಪು ಕೊಟ್ಟರು, ಚಿತ್ರ ಸೋತಿತು. ಗೊಂಬೆ ಬೈಯುವುದು ಮೊದಲ ಐದು ನಿಮಿಷ ನಗು ತರಬಹುದು, ಆಮೇಲೆ ಕಥೆ ಬೇಕು.

2023ರಲ್ಲಿ ಮಪೆಟ್‌ಗಳ ವಾದ್ಯತಂಡವನ್ನೇ ಮುಂದಿಟ್ಟು 'ದಿ ಮಪೆಟ್ಸ್ ಮೇಹೆಮ್' ಎಂಬ ಹತ್ತು ಕಂತುಗಳ ಧಾರಾವಾಹಿ ಬಂತು. ಪಂಜಾಬಿ ಮೂಲದ ಕೆನಡಾ ಕಲಾವಿದೆ ಲಿಲಿ ಸಿಂಗ್ ಮುಖ್ಯ ಪಾತ್ರದಲ್ಲಿದ್ದರು. ದೊಡ್ಡವರ ಉದ್ಯೋಗ, ಸಾಲ, ಸೋಲು ಅದರಲ್ಲೂ ಇದ್ದವು. ಆದರೆ ಗೊಂಬೆಗಳು ಮಾತ್ರ ಹಳೆಯ ಹುಚ್ಚುಹುಚ್ಚಾದ ಉತ್ಸಾಹವನ್ನು ಬಿಟ್ಟಿರಲಿಲ್ಲ. ಒಂದೇ ಸರಣಿಗೆ ನಿಂತರೂ ನೋಡಿದವರು ಪ್ರೀತಿಯಿಂದ ನೆನೆದರು. 2025ರಲ್ಲಿ ಡಿಸ್ನಿ ಮತ್ತೆ 'ದಿ ಮಪೆಟ್ ಶೋ' ಹೆಸರಿನಲ್ಲೇ, ಹಳೆಯ ನಾಟಕಶಾಲೆಯ ಮಾದರಿಯಲ್ಲೇ ಒಂದು ವಿಶೇಷ ಕಾರ್ಯಕ್ರಮ ಘೋಷಿಸಿತು. ಹತ್ತು ವರ್ಷ ಸುತ್ತಾಡಿದ ಕಪ್ಪೆ ತನ್ನ ಕೊಳವನ್ನೇ ಹುಡುಕಿತು.

ಮನೆಯಲ್ಲಿ ಯೋಚಿಸಬೇಕಾದ್ದು

ಈ ಕಥೆಯಲ್ಲಿ ಪೋಷಕರಿಗೆ ಎರಡು ಎಚ್ಚರಗಳಿವೆ. ಮೊದಲನೆಯದು, ಪರಿಚಿತ ಮುಖ ಕಂಡಾಕ್ಷಣ ಮಕ್ಕಳದೇ ಕಾರ್ಯಕ್ರಮ ಎಂದುಕೊಳ್ಳಬಾರದು. ಬಾಲ್ಯದ ಪಾತ್ರಗಳನ್ನು ದೊಡ್ಡವರಿಗೆಂದು ಮತ್ತೆ ಮಾಡುವುದು ಈಗ ದೊಡ್ಡ ವ್ಯಾಪಾರ. 2021ರಲ್ಲಿ ಹಳೆಯ 'ಮಪೆಟ್ ಶೋ' ಡಿಸ್ನಿಯ ಅಂತರ್ಜಾಲ ವಾಹಿನಿಗೆ ಬಂದಾಗ ಅದರ ಕೆಲವು ಕಂತುಗಳಿಗೂ ಎಚ್ಚರಿಕೆಯ ಸೂಚನೆ ಅಂಟಿಸಲಾಯಿತು. ಬೇರೆ ಜನಾಂಗಗಳನ್ನು ಚಿತ್ರಿಸಿದ ರೀತಿ ಅಂದು ನಡೆಯಿತು, ಇಂದು ನೋವು ತರುತ್ತದೆ ಎಂಬುದು ಕಾರಣ. ಅಪ್ಪ ಅಮ್ಮ ನಕ್ಕದ್ದೆಲ್ಲ ಮಕ್ಕಳಿಗೂ ನಗುವೇ ಆಗಬೇಕಿಲ್ಲ. ಮೊದಲ ಕಂತನ್ನು ಜೊತೆಗೆ ಕೂತು ನೋಡುವುದೇ ಒಳ್ಳೆಯ ದಾರಿ.

ಎರಡನೆಯದು, ಮಕ್ಕಳು ಬೆಳೆಯುತ್ತಿದ್ದಂತೆ ಗೊಂಬೆಯಾಟ ಚಿಕ್ಕವರದು ಎಂದು ಮೂಗು ಮುರಿಯುತ್ತಾರೆ. ಎಂಟನೇ ತರಗತಿಯ ಹುಡುಗನಿಗೆ ತಂಗಿಯ ಜೊತೆ ಅದನ್ನು ನೋಡುವುದೇ ನಾಚಿಕೆ. ಅವನಿಗೆ ಹೆನ್ಸನ್ನನ ಕಥೆ ಹೇಳಬಹುದು. ಗೊಂಬೆಯನ್ನು ಅವನು ದೊಡ್ಡವರಿಗೆ ಆಡಿಸಿದ, ಮಕ್ಕಳಿಗೂ ಆಡಿಸಿದ, ಇಬ್ಬರನ್ನೂ ಒಟ್ಟಿಗೆ ಕೂರಿಸಿಯೂ ಆಡಿಸಿದ. ಕೊನೆಯದು ಎಲ್ಲಕ್ಕಿಂತ ಕಷ್ಟದ ಕೆಲಸ. ಅದರಲ್ಲಿ ಗೆದ್ದದ್ದಕ್ಕೇ ಜಗತ್ತು ಅವನನ್ನು ನೆನೆಯುತ್ತದೆ.

ವಿದ್ಯಾರ್ಥಿಗಳಿಗೂ ಇಲ್ಲಿ ಪಾಠವಿದೆ. ಹಳೆಯದನ್ನು ಹೊಸದು ಮಾಡುವ ಕೆಲಸ ಒಂದಲ್ಲ ಒಂದು ದಿನ ಎಲ್ಲರ ಪಾಲಿಗೂ ಬರುತ್ತದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆಯ ನಾಟಕವನ್ನು ಎತ್ತಿಕೊಳ್ಳುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಬಟ್ಟೆ ಬದಲಿಸಬಹುದು, ಮಾತು ಬದಲಿಸಬಹುದು, ಊರು ಬದಲಿಸಬಹುದು. ಜನ ಅದನ್ನು ಯಾಕೆ ಪ್ರೀತಿಸಿದ್ದರು ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಅದೊಂದನ್ನು ಬಿಟ್ಟು ಉಳಿದದ್ದನ್ನು ಮುಟ್ಟಿದರೆ ತೊಂದರೆಯಿಲ್ಲ.

ಅಂದ ಹಾಗೆ 1955ರ ಆ ಮೊದಲ ಕೆರ್ಮಿಟ್ ಈಗಲೂ ಇದ್ದಾನೆ. ಹೆನ್ಸನ್ ಕುಟುಂಬದವರು 2010ರಲ್ಲಿ ಅವನನ್ನು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಆ ಹುಡುಗ ತಡರಾತ್ರಿಯಲ್ಲಿ ಅವನನ್ನು ಮೊದಲು ಕುಣಿಸಿದ್ದೂ ಅದೇ ಊರಿನಲ್ಲಿ. ಒಬ್ಬ ತಾಯಿಯ ಹಳೆಯ ಕೋಟು, ಒಂದು ಆಟದ ಚೆಂಡು. ಮನೆಯ ಮಕ್ಕಳು ಈ ರಜೆಯಲ್ಲಿ ಹರಿದ ಬಟ್ಟೆಯೊಂದನ್ನು ಕೇಳಿದರೆ ಕೊಡಲು ಅಮ್ಮಂದಿರು ಹಿಂದೆಮುಂದೆ ನೋಡದಿರಲಿ.